ಮಾಳಿಗೆ ಮೇಲಿನ ಆಫೀಸು

2020ರ ಮಾರ್ಚ್ 20ರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಮಕ್ಕಳ ಬಟ್ಟೆ ನಾಲ್ಕು ಜೊತೆ ಇದ್ದವು, ಅಷ್ಟೇ. ಶಾಲೆಗೆ ಆಗಲೇ ರಜೆ ಬಿಟ್ಟಿದ್ದರು. ನಮ್ಮ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರು. ಯುಗಾದಿ 25ಕ್ಕೆ. ಹೂವಿನಹಡಗಲಿ ಹತ್ತಿರದ ಅತ್ತೆಯ ಊರಲ್ಲಿ ಹಬ್ಬ ಮುಗಿಸಿ ವಾರದೊಳಗೆ ವಾಪಸ್ ಬರೋಣ ಎಂದುಕೊಂಡಿದ್ದೆ. ಔಷಧಿ ಕಂಪನಿಯಲ್ಲಿದ್ದ ಯಜಮಾನರಿಗೆ ರಜೆ ಸಿಗಲಿಲ್ಲ, ಅವರು ಅಲ್ಲೇ ಉಳಿದರು. ಹಬ್ಬದ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ನನ್ನ ತವರು ಕೂಡ್ಲಿಗಿ. ಪಕ್ಕದಲ್ಲೇ ಇದ್ದ ಹಾಗಿದ್ದರೂ ಎರಡು ತಿಂಗಳು ಅವ್ವನ ಮುಖ ನೋಡಲಾಗಲಿಲ್ಲ. ಇನ್ನು ಬೆಂಗಳೂರಿಗೆ ನಾವು ಮರಳಿದ್ದು ಮರುವರ್ಷದ ಅಕ್ಟೋಬರಿನಲ್ಲಿ!

ದೊಡ್ಡವನಿಗೆ ಆಗ ಏಳು ವರ್ಷ, ಎರಡನೇ ಕ್ಲಾಸಿಗೆ ಹೋಗಬೇಕಾದವನು. ಸಣ್ಣವಳಿಗೆ ನಾಲ್ಕು.

ಅತ್ತೆಯದು ಹಳೇ ಮಣ್ಣಿನ ಮಾಳಿಗೆ ಮನೆ. ಒಳಗೆ ಎಂಥ ಬಿಸಿಲಲ್ಲೂ ತಂಪು, ಆದರೆ ಫೋನಿಗೆ ಒಂದು ಗೀಟು ನೆಟ್‌ವರ್ಕೂ ಸಿಗದು. ಮಾಳಿಗೆ ಹತ್ತಿ ಬೆಳಕಿಂಡಿ ಪಕ್ಕ ಕೂತರೆ ಮಾತ್ರ ಸಿಗುತ್ತಿತ್ತು. ಅಲ್ಲೇ ನಾಲ್ಕು ಗಳ ನೆಟ್ಟು ತಾಡಪತ್ರಿ ಕಟ್ಟಿಸಿಕೊಂಡೆ. ಆಸ್ಪತ್ರೆ ಬಿಲ್ಲುಗಳ ಲೆಕ್ಕ ನೋಡುವುದು ನನ್ನ ಕೆಲಸ. ಏಪ್ರಿಲ್ ಬಿಸಿಲಿಗೆ ಲ್ಯಾಪ್‌ಟಾಪೂ ಕಾಯುತ್ತಿತ್ತು, ನನ್ನ ತಲೆಯೂ ಕಾಯುತ್ತಿತ್ತು.

ಮಗನ ಓದು ಹಾಳಾಗಬಾರದೆಂದು ಪಡಸಾಲೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಆರಕ್ಕೆ ಮಗ್ಗಿ, ಏಳಕ್ಕೆ ಕಾಪಿ ಬರೆಯುವುದು, ಎಂಟಕ್ಕೆ ಇಂಗ್ಲಿಷ್. ನಾಲ್ಕನೇ ದಿನಕ್ಕೆ ಅದರ ಮೇಲೆ ಸಣ್ಣವಳು ಕೋಳಿ ಬರೆದಿದ್ದಳು. ನಾಲ್ಕರ ಮಗ್ಗಿಯಂತೂ ಅವನಿಗೆ ಹತ್ತುತ್ತಲೇ ಇರಲಿಲ್ಲ. ನನಗೋ ಕೆಳಗಿಳಿದು ಬಂದಾಗ ಇರುತ್ತಿದ್ದದ್ದು ಹತ್ತು ನಿಮಿಷ. ಆ ಹತ್ತು ನಿಮಿಷವೂ ಬೈಯುವುದರಲ್ಲೇ ಹೋಗುತ್ತಿತ್ತು.

ಹಡಗಲಿ ಎಂದರೆ ಮಲ್ಲಿಗೆ, ಅದು ನಿಮಗೆಲ್ಲ ಗೊತ್ತಿರುವುದೇ. ಅತ್ತೆಯದೂ ಒಂದು ತುಂಡು ಮಲ್ಲಿಗೆ ತೋಟ ಇತ್ತು. ಬೇಸಿಗೆಯೇ ಮಲ್ಲಿಗೆಗೆ ಸುಗ್ಗಿ. ಆ ವರ್ಷ ಮದುವೆ ಇಲ್ಲ, ಗುಡಿ ಬಾಗಿಲು ತೆರೆದಿಲ್ಲ, ಹೂವಿನ ಗಾಡಿ ಓಡುವುದಿಲ್ಲ. ಬಿಡಿಸದ ಮೊಗ್ಗು ಗಿಡದಲ್ಲೇ ಅರಳಿ ಉದುರುತ್ತಿತ್ತು. ಅತ್ತೆಗೆ ಅದನ್ನು ನೋಡಲಾಗದು. “ಮಾರದಿದ್ರ ಬ್ಯಾಡ, ನೆಲಕ್ಕ ಬಿಡಬಾರದು” ಎಂದು ಕತ್ತಲಿರುವಾಗಲೇ ಹೋಗಿ ಉಡಿ ತುಂಬ ಬಿಡಿಸಿ ತರುತ್ತಿದ್ದರು. ಕಟ್ಟೆ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಾಲೆ ಕಟ್ಟುತ್ತಿದ್ದರು.

ಒಂದು ದಿನ ಬೆಳಕಿಂಡಿಯಿಂದ ಮಾತು ಕೇಳಿಸಿತು.

“ಒಂದು ಮಾರಿಗೆ ಎಷ್ಟು ಮೊಳ, ಯಪ್ಪಾ?”

“ನಾಲ್ಕು.”

“ಮೂರು ಮಾರಿಗೆ?”

“ಹನ್ನೆರಡು.”

“ಏಳಕ್ಕ?”

ಸ್ವಲ್ಪ ಹೊತ್ತು ಸುಮ್ಮನಿದ್ದು “ಇಪ್ಪತ್ತೆಂಟು!” ಅಂದ. ನಾನು ಕೀಲಿ ಒತ್ತುವುದನ್ನು ನಿಲ್ಲಿಸಿ ಬಗ್ಗಿ ನೋಡಿದೆ. ಅವನು ಅಜ್ಜಿ ಅಳೆದ ಮಾಲೆಯನ್ನು ತನ್ನ ಮೊಳಕೈಯಿಂದ ಮತ್ತೆ ಅಳೆಯುತ್ತಿದ್ದ. ಅಜ್ಜಿಯ ನಾಲ್ಕು ಮೊಳ ಅವನ ಕೈಯಲ್ಲಿ ಐದಾಗಿ ಇನ್ನೂ ಒಂಚೂರು ಉಳಿಯಿತು.

“ಅಜ್ಜೀ, ಇನ್ಮೇಲೆ ನನ್ ಕೈಯಲ್ಲಿ ಅಳೆದು ಮಾರು. ಒಂದ್ ಮೊಳದ ದುಡ್ಡು ಜಾಸ್ತಿ ಬರುತ್ತೆ!”

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಹಂಗ ಮಾಡಿದ್ರ ನಾಳಿ ಯಾರೂ ನಮ್ ಕಡಿ ಹೊಳ್ಳಿ ನೋಡಾಂಗಿಲ್ಲ!”

ಜೂನ್‌ನಲ್ಲಿ ಸರ್ಕಾರ, ಐದನೇ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮಗನಿಗೂ ಫೋನಿನಲ್ಲಿ ಕ್ಲಾಸು ಶುರುವಾಯಿತು, ಹನ್ನೊಂದಕ್ಕೆ. ನನ್ನ ಮೀಟಿಂಗೂ ಹನ್ನೊಂದಕ್ಕೇ. ನೆಟ್‌ವರ್ಕ್ ಇರುವುದು ಒಂದೇ ಜಾಗದಲ್ಲಿ. ಹಾಗಾಗಿ ಇಬ್ಬರೂ ತಾಡಪತ್ರಿ ಕೆಳಗೆ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದೆವು. ಅವನ ಕಿವಿಗೆ ಇಯರ್‌ಫೋನ್. “ನೀನು ಮಾತಾಡಿದರೆ ನನ್ನ ಮೀಟಿಂಗಿನಲ್ಲಿ ಕೇಳಿಸುತ್ತೆ, ಬಾಯಿ ಬಿಡಬೇಡ” ಎಂದು ಕಟ್ಟಪ್ಪಣೆ ಮಾಡಿದ್ದೆ.

ಒಂದು ದಿನ ಅಳತೆಯ ಪಾಠ ಬಂತು. ಗೇಣು, ಮೊಳ, ಹೆಜ್ಜೆ. ಒಂದೇ ಮೇಜನ್ನು ಇಬ್ಬರು ಗೇಣಿನಿಂದ ಅಳೆದರೆ ಬೇರೆ ಬೇರೆ ಉತ್ತರ ಏಕೆ ಬರುತ್ತೆ ಎಂದು ಮಿಸ್ ಕೇಳಿರಬೇಕು. ಇವನು ಎದ್ದು ಮಂಡಿಯೂರಿ ಕೂತು ಕೈ ಎತ್ತಿದ. ಮಿಸ್ ಅವನನ್ನೇ ಕರೆದರಂತೆ. ಅವನು ನನ್ನ ಭುಜ ತಟ್ಟಿದ. ನಾನು ತಿರುಗಿಯೂ ನೋಡದೆ ತುಟಿ ಮೇಲೆ ಬೆರಳಿಟ್ಟೆ. ಅವನು ಕೈ ಇಳಿಸಿದ. ಮಿಸ್ ಬೇರೆ ಹುಡುಗಿಯನ್ನು ಕೇಳಿದರು.

ಇಷ್ಟೂ ನನಗೆ ತಿಳಿದದ್ದು ಅವತ್ತು ರಾತ್ರಿ, ಅವನು ಅಜ್ಜಿಗೆ ಹೇಳುತ್ತಿದ್ದಾಗ. ನನಗೆ ಹೇಳಲಿಲ್ಲ ಅವನು.

ಅದಾಗಿ ಎರಡು ದಿನಕ್ಕೆ ನೀರು ಕುಡಿಯಲು ಕೆಳಗಿಳಿದೆ. ಸಣ್ಣವಳು ಪಡಸಾಲೆಯಲ್ಲಿ ಒಬ್ಬಳೇ ಆಡುತ್ತಿದ್ದಳು. ಅಣ್ಣನ ಪಾಟಿಯನ್ನು ಲ್ಯಾಪ್‌ಟಾಪಿನ ಹಾಗೆ ಎದುರಿಗೆ ನಿಲ್ಲಿಸಿಕೊಂಡು ಕುಟ್ಟುತ್ತಿದ್ದಳು. ಅತ್ತೆ ಹಳೇ ಸೀರೆಯಲ್ಲಿ ಹೊಲಿದುಕೊಟ್ಟ ಗೊಂಬೆಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದಳು. ನಡುವೆ ತಿರುಗಿ, “ಷ್! ಅಳಬೇಡ, ಮ್ಯೂಟ್ ಮಾಡಿಬಿಡ್ತೀನಿ” ಎಂದು ಅದರ ಬಾಯಿ ಮುಚ್ಚಿದಳು.

ನೀರು ಕುಡಿಯದೆ ಮೇಲೆ ಹೋದೆ.

ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ಎರಡು ದಿನ ಬಾಯಿಪಾಠ ಮಾಡಿದೆ, ಮಗ ಮಗ್ಗಿ ಉರು ಹೊಡೆದ ಹಾಗೆ. ಕೆಲಸ ಹೋದರೆ ಬೆಂಗಳೂರಿನ ಮನೆ ಬಾಡಿಗೆ ಏನು ಮಾಡುವುದು ಎಂಬ ಭಯ. ಸುತ್ತಮುತ್ತ ಎಷ್ಟೋ ಜನ ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದರು. ಕೊನೆಗೆ ಹೇಳಿದೆ: “ಹನ್ನೊಂದರಿಂದ ಹನ್ನೆರಡೂವರೆವರೆಗೆ ನನ್ನನ್ನು ಮೀಟಿಂಗಿಗೆ ಕರೆಯಬೇಡಿ ಸಾರ್. ಬದಲಿಗೆ ಬೆಳಿಗ್ಗೆ ಐದಕ್ಕೇ ಕೂರುತ್ತೇನೆ.” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಯ್ತು ಎಂದರು. ಆ ವರ್ಷ ನನ್ನ ಸಂಬಳ ಏರಲಿಲ್ಲ. ಅದಕ್ಕೆ ಕೊರೊನಾ ಕಾರಣವೋ ಈ ಒಂದೂವರೆ ತಾಸು ಕಾರಣವೋ, ಕೇಳಲು ಹೋಗಲಿಲ್ಲ. ಬೆಳಿಗ್ಗೆ ಅತ್ತೆ ಬ್ಯಾಟರಿ ಹಿಡಿದು ತೋಟಕ್ಕೆ, ನಾನು ಲ್ಯಾಪ್‌ಟಾಪ್ ಹಿಡಿದು ಮಾಳಿಗೆಗೆ.

ಆಗಸ್ಟಿನಲ್ಲಿ ಸರ್ಕಾರಿ ಶಾಲೆಯವರ ‘ವಿದ್ಯಾಗಮ’ ಶುರುವಾಯಿತು. ಶಾಲೆಗೆ ಮಕ್ಕಳು ಬರಬಾರದು, ಸರಿ, ಮೇಷ್ಟ್ರೇ ಓಣಿ ಓಣಿಗೆ ಹೋಗುವುದು. ಫೋನೇ ಇಲ್ಲದವರು, ಬರೀ ಮಾತಾಡುವ ಫೋನಿದ್ದವರು, ಇಂಟರ್ನೆಟ್ ಇದ್ದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ನಮ್ಮ ಓಣಿಯಲ್ಲಿ ಮೊದಲ ಗುಂಪಿನವರೇ ಹೆಚ್ಚು. ಗುಡಿ ಕಟ್ಟೆ ಮೇಲೆ ಪಾಠ. ಮಗನೂ ಹೋಗಿ ತುದಿಯಲ್ಲಿ ಕೂತ. ಮೇಷ್ಟ್ರು ಕಳಿಸಲಿಲ್ಲ. “ನಾಲ್ಕರ ಮಗ್ಗಿ ಯಾರಿಗೆ ಬರತೈತಿ?” ಎಂದಾಗ ಇವನು ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದನಂತೆ. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ವಿದ್ಯಾಗಮವನ್ನೂ ನಿಲ್ಲಿಸಿದರು. ಅವತ್ತು ಅವನು ಊಟ ಮಾಡಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇಂಗ್ಲಿಷ್ ಓದಿನಲ್ಲಿ ಅವನು ಹಿಂದೆ ಬಿದ್ದ, ಅದನ್ನು ತುಂಬಿಕೊಳ್ಳಲು ಎರಡು ವರ್ಷ ಹಿಡಿಯಿತು. ನಾನು ರೇಗುವುದೂ ಪೂರ್ತಿ ನಿಲ್ಲಲಿಲ್ಲ.

2021ರ ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿ ಶಾಲೆಗಳು ತೆರೆದವು. ಅದಕ್ಕೂ ಮೂರು ವಾರ ಮೊದಲು ವಿಜಯನಗರ ಹೊಸ ಜಿಲ್ಲೆಯಾಗಿ ಉದ್ಘಾಟನೆಯಾಗಿತ್ತು. ಹೊಸಪೇಟೆ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ಮಗ ಬೆರಳು ಮಡಚುತ್ತ ಆರೂ ತಾಲ್ಲೂಕು ಹೇಳಿ, “ಅಜ್ಜೀ, ನಾವು ಬಂದಿದ್ದು ಬಳ್ಳಾರಿ ಜಿಲ್ಲೆಗೆ, ಹೋಗ್ತಿರೋದು ವಿಜಯನಗರದಿಂದ. ಮನೆ ಮಾತ್ರ ಅಲ್ಲೇ ಇದೆ!” ಎಂದ.

ಹೊರಡುವ ಗಡಿಬಿಡಿಯಲ್ಲಿ ಗೊಂಬೆ ಅಲ್ಲೇ ಉಳಿಯಿತು. ಬೆಂಗಳೂರು ಮುಟ್ಟಿದ ಮೇಲೆ ಸಣ್ಣವಳು ಅತ್ತು ಕರೆದು ಫೋನು ಮಾಡಿಸಿದಳು. “ಅಜ್ಜೀ, ನನ್ನ ಗೊಂಬೆ ಏನ್ ಮಾಡ್ತಿದೆ?”

“ಕಟ್ಟಿ ಮ್ಯಾಲೆ ನನ್ ಕೂಡ ಹೂವು ಕಟ್ಟಾಕತ್ತೈತಿ, ಯವ್ವಾ” ಎಂದರು ಅತ್ತೆ. “ಬಾಳ ಮಾತಾಡತೈತಿ.”