ಕೂಲಿ ಮಗ್ಗದ ಮನೆಗೆ ಶೆವರ್ಲೆ ಕಾರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ಕೇಳುವುದು ಮೈಲೇಜು. ಆಮೇಲೆ ಕೇಳುವುದು, ನಾಳೆ ಮಾರಿದರೆ ಎಷ್ಟಕ್ಕೆ ಹೋದೀತು ಎಂದು. ಈ ಎರಡೂ ಪ್ರಶ್ನೆಗಳಿಗೆ ಒಳ್ಳೆಯ ಉತ್ತರವಿಲ್ಲದ ಕಾರೊಂದನ್ನು ನಾನು ಕಳೆದ ವರ್ಷ ಕೊಂಡೆ. 2012ರ ಶೆವರ್ಲೆ ಕ್ರೂಝ್, ಡೀಸೆಲ್. ಕೊಟ್ಟದ್ದು ಎರಡು ಲಕ್ಷ ಮೂವತ್ತು ಸಾವಿರ. ಹೊಸದಿದ್ದಾಗ ಇದರ ಬೆಲೆ ಹತ್ತು ಲಕ್ಷ ದಾಟಿತ್ತು.

ಬಹಳ ತಿಂಗಳು ಬಾಕಿ ಉಳಿದಿದ್ದ ನನ್ನ ಫೆಲೋಶಿಪ್ ಹಣ ಒಂದೇ ಸಲಕ್ಕೆ ಬಂದಿತ್ತು. ವಿದ್ಯುತ್ ಮಗ್ಗಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ನಾಲ್ಕು ಊರುಗಳ ನಡುವೆ ಓಡಾಟ ಇದ್ದೇ ಇದೆ. ಆದರೆ ಓಡಾಟಕ್ಕೆ ಆಲ್ಟೋ ಸಾಕಿತ್ತು. ಕ್ರೂಝ್ ಬೇಕೆನಿಸಿದ್ದಕ್ಕೆ ಕಾರಣ ಬೇರೆ. ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಸಾವಕಾರರ ಮನೆಯ ಮದುವೆಗೆ ಇಂಥದ್ದೊಂದು ಕಪ್ಪು ಕಾರು ಬಂದಿತ್ತು. ಕಂಡಿಕೆ ಸುತ್ತುವುದನ್ನು ಬಿಟ್ಟು ನಾವು ಹುಡುಗರೆಲ್ಲ ಅದರ ಸುತ್ತ ನಿಂತಿದ್ದೆವು. ಮುಟ್ಟಲು ಯಾರೂ ಬಿಡಲಿಲ್ಲ.

ಜನರಲ್ ಮೋಟರ್ಸ್ ಭಾರತಕ್ಕೆ ಬಂದದ್ದು ಎರಡು ಸಲ. ಮೊದಲು 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ಶುರುಮಾಡಿ 1954ರಲ್ಲಿ ನಿಲ್ಲಿಸಿತು. ಅದು ಬಂದಾಗ ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಆ ಕಾಲದ ಅಮೆರಿಕದ ಕಾರು ನೇಕಾರರ ಓಣಿಗೆ ಬರುವಂಥದ್ದಲ್ಲ. ಎರಡನೆಯ ಸಲ ಬಂದು ಕೆಲ ವರ್ಷಗಳಾದ ಮೇಲೆ, 2009ರಲ್ಲಿ, ಕ್ರೂಝ್ ಬಿಟ್ಟರು. ಹೆಸರು ಅಮೆರಿಕದ್ದು, ವಿನ್ಯಾಸದಲ್ಲಿ ದೊಡ್ಡ ಪಾಲು ಕೊರಿಯಾದ ಜಿಎಂ ಡೇವೂದ್ದು, ಜೋಡಣೆ ಗುಜರಾತಿನ ಹಾಲೋಲ್‌ನಲ್ಲಿ. ಎಂಜಿನ್ ಎರಡು ಲೀಟರಿನದು. ಮೊದಲ ಮಾದರಿಗೇ 150 ಅಶ್ವಶಕ್ತಿ, ಆ ಬೆಲೆಯ ಕಾರುಗಳಲ್ಲಿ ಅದು ದೊಡ್ಡ ಮಾತು.

2017ರ ಕೊನೆಗೆ ಕಂಪನಿ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿತು. ಹಾಲೋಲ್ ಕಾರ್ಖಾನೆಯಲ್ಲಿ ಈಗ ಎಂಜಿ ಕಾರುಗಳು ತಯಾರಾಗುತ್ತವೆ. ಪುಣೆ ಹತ್ತಿರದ ತಳೇಗಾಂವ ಕಾರ್ಖಾನೆ ಹ್ಯುಂಡೈ ಪಾಲಾಯಿತು. ಶೋರೂಮಿಲ್ಲದ ಕಾರಿನ ಬೆಲೆ ಬಿದ್ದೇ ಬೀಳುತ್ತದೆ. ಹಾಗೆ ಬಿದ್ದದ್ದರಿಂದಲೇ ಅದು ನನ್ನ ಕೈಗೆ ಎಟುಕಿತು.

ದೊಡ್ಡ ಊರುಗಳಲ್ಲಿ ಇಂಥವನ್ನು ‘ಮಾಡರ್ನ್ ಕ್ಲಾಸಿಕ್’ ಎನ್ನುತ್ತಾರೆ. ತೀರ ಹಳೆಯದಲ್ಲ, ಹೊಸದೂ ಅಲ್ಲ, ಇನ್ನು ಮುಂದೆ ಹುಟ್ಟುವುದೂ ಇಲ್ಲ. ಕಾನೂನಿಗೆ ಈ ಮಾತು ಗೊತ್ತಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಯಷ್ಟೇ ವಿಂಟೇಜ್. ಅದಕ್ಕೆ ಬೇರೆ ನೋಂದಣಿ, 20,000 ರೂಪಾಯಿ ಶುಲ್ಕ. ನನ್ನ ಕಾರು ಆ ಮರ್ಯಾದೆ ಪಡೆಯುವುದು 2062ರಲ್ಲಿ, ಆಗ ನನಗೆ 65. ಅದಕ್ಕೂ ಮೊದಲು 2027ರಲ್ಲಿ 15 ವರ್ಷ ತುಂಬುತ್ತದೆ. ಕೆಎ-48 ಫಲಕದ ಗಾಡಿಯಾದ್ದರಿಂದ ಜಮಖಂಡಿಯ ಸಾರಿಗೆ ಕಚೇರಿಗೆ ಒಯ್ದು ಫಿಟ್‌ನೆಸ್ ತೋರಿಸಿ ನೋಂದಣಿ ನವೀಕರಿಸಬೇಕು. 600 ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000. ಇಪ್ಪತ್ತು ವರ್ಷ ದಾಟಿದರೆ 10,000. ಹದಿನೈದರಿಂದ ಐವತ್ತರವರೆಗೆ ಗಾಡಿ ಬರೀ ಹಳೇ ಗಾಡಿ.

ಕಾರು ಮುಧೋಳದಲ್ಲಿತ್ತು. ಪರಿಚಯದ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದರು. ಆಯಿಲ್ ಮುಚ್ಚಳ ತೆಗೆದು ಮೂಸಿದರು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೀರಿ, ಬಿಲ್ ತೋರಿಸಿ ಎಂದರು. ಬೆಲ್ಟ್ ಓಡುವಾಗ ಹರಿದರೆ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ ಎಂಜಿನ್ನೇ ಕೆಡುತ್ತದೆ. ಆಮೇಲೆ ಬೀಳಗಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ಎರೆಮಣ್ಣಿನ ನೆಲ, ಮೇಲೆ ಡಾಂಬರು ಅಲೆಅಲೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಆ ರಸ್ತೆಯನ್ನು ಇನ್ನಷ್ಟು ತುಳಿದಿರುತ್ತವೆ. ಸದ್ದು ಬಂದಲ್ಲೆಲ್ಲ ಮಿಸ್ತ್ರಿ ಬುಶ್ಶುಗಳ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಹೇಳಿದ್ದಿಷ್ಟು: “ಎಂಜಿನ್ ಗಟ್ಟಿ ಐತ್ರಿ ಸರ. ಕ್ಲಚ್ ಹೋತಂದ್ರ ಮಾತ್ರ ನಿಮ್ಮ ಸ್ಕಾಲರ್‌ಶಿಪ್ಪೂ ಅದರ ಸಂಗಾಟ ಹೋಗತೈತಿ.”

ರಬಕವಿಯ ನಮ್ಮ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳಿವೆ. ಅಪ್ಪ ಕೊಂಡಾಗಲೇ ಅವು ಹಳೆಯವು. ಗೇರ್ ಸವೆದರೆ ಬನಹಟ್ಟಿಯ ಲೇತ್ ಅಂಗಡಿಯಲ್ಲಿ ಮಾಡಿಸುತ್ತಾರೆ, ಲಾಳಿ ಸೀಳಿದರೆ ಅಂಗಡಿಯಲ್ಲಿ ಸಿಗುತ್ತದೆ, ಮೋಟರು ಸುಟ್ಟರೆ ಸುತ್ತಿಸುತ್ತಾರೆ. ಆ ಮಗ್ಗಗಳು ಬದುಕಿರುವುದು ಸುತ್ತಮುತ್ತ ಈ ಕೈಗಳಿರುವುದರಿಂದ. ಕ್ರೂಝ್‌ಗೆ ಅಷ್ಟು ಹತ್ತಿರದ ಬಳಗವಿಲ್ಲ. ದೊಡ್ಡ ಕೆಲಸವಾದರೆ ಬೆಳಗಾವಿ ಅಥವಾ ಕೊಲ್ಲಾಪುರಕ್ಕೆ ಹೋಗಬೇಕು, ಬಿಡಿಭಾಗ ದೆಹಲಿಯಿಂದ ಬರಬೇಕು. ಹಾಗಾಗಿ ಗಾಡಿಯ ಬೆಲೆಯ ಅರ್ಧದಷ್ಟನ್ನು ಬೇರೆ ಖಾತೆಯಲ್ಲಿ ಇಟ್ಟೇ ಕೊಳ್ಳುವುದೆಂದು ತೀರ್ಮಾನಿಸಿದೆ. ಅಷ್ಟಿಲ್ಲದವರಿಗೆ ಈ ಕಾರನ್ನು ತಗೊಳ್ಳಿ ಎಂದು ನಾನು ಹೇಳಲಾರೆ.

ಇಷ್ಟು ಲೆಕ್ಕವನ್ನೆಲ್ಲ ಅಪ್ಪನ ಮುಂದಿಟ್ಟೆ. ರಿಪೇರಿಯ ಬಗ್ಗೆ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಮಗ್ಗ ನಿಲ್ಲಿಸಿ ಬಂದು ಕುಳಿತು ಹೇಳಿದರು: “ತಮ್ಮಾ, ದೀಪಾವಳಿ ಮುಂದ ಕೂಲಿ ಹೆಚ್ಚು ಮಾಡ್ರಿ ಅಂತ ಕೇಳಾಕ ಹೊಂಟೀವಿ. ಆಗ ಸಾವಕಾರ್ರು ಏನಂತಾರ? ನಿಮ್ಮ ಮನೀ ಮುಂದ ಶೆವರ್ಲೆ ನಿಂತೈತಿ, ನಿಮಗ ಕೂಲಿ ಯಾಕ ಸಾಲವಲ್ತು ಅಂತಾರ.”

ನಮ್ಮದು ಕೂಲಿ ನೇಯ್ಗೆ. ನೂಲು ಸಾವಕಾರರದು, ಸೀರೆಯೂ ಅವರದು. ಮಗ್ಗ, ಶೆಡ್ಡು, ಕರೆಂಟು, ಮೈ ನಮ್ಮವು. ಸೀರೆಗಿಷ್ಟು ಎಂದು ಎಣಿಸಿ ಕೊಡುತ್ತಾರೆ. ಆ ದರ ಬರೀ ಲೆಕ್ಕದಿಂದ ಹುಟ್ಟುವುದಿಲ್ಲ ಎಂದು ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಕೇಳುವವನ ಅಂಗಿ, ಅವನ ಮನೆಯ ಮಾಡು, ಮಗಳ ಮದುವೆಗೆ ಮಾಡಿದ ಖರ್ಚು ಎಲ್ಲವೂ ಅದರೊಳಗೆ ಬರುತ್ತವೆ. ನೇಕಾರ ಬಡವನಂತೆ ಕಂಡಷ್ಟು ಹೊತ್ತು ಮಾತ್ರ ಅವನ ಬೇಡಿಕೆ ನ್ಯಾಯದ್ದು. ಸಾವಕಾರರು ಕೊಂಡು, ಓಡಿಸಿ, ಬೇಸರವಾಗಿ ಬಿಟ್ಟ ಕಾರು ಎರಡು ಕೈ ದಾಟಿ, ಹೊಸ ಸಣ್ಣ ಕಾರಿನ ಅರ್ಧ ಬೆಲೆಗೆ ನಮ್ಮ ಬಾಗಿಲಿಗೆ ಬಂದರೂ ಅದು ಶ್ರೀಮಂತಿಕೆಯ ಸಾಕ್ಷಿಯಾಗುತ್ತದೆ. ಮುಧೋಳದ ಮಿಸ್ತ್ರಿಯ ಲೆಕ್ಕದಲ್ಲಿ ಈ ಖರ್ಚು ಬಂದಿರಲಿಲ್ಲ.

ಹಾಗಾದರೆ ಬೇಡ ಬಿಡಿ ಎಂದೆ. ಅಪ್ಪ ಎದ್ದು ಮಗ್ಗದ ಕಡೆ ಹೋದರು. ಮರುದಿನ ಸಂಜೆ ಸೀರೆ ಕೊಡಲು ಹೋದವರು ಸಾವಕಾರರಿಗೆ ತಾವೇ ಹೇಳಿ ಬಂದಿದ್ದರು: ಮಗ ಹಳೇ ಕಾರು ತರತಾನ, ಎರಡು ಲಕ್ಷ ಮೂವತ್ತು ಸಾವಿರ, ಅವನ ಸ್ಕಾಲರ್‌ಶಿಪ್ ರೊಕ್ಕ, ಸೀರೆಯಿಂದ ಬಂದದ್ದು ಅದರಾಗ ಒಂದ್ ರೂಪಾಯಿ ಇಲ್ಲ ಎಂದು. ಸಾವಕಾರರು ನಕ್ಕರಂತೆ. ಅದು ಯಾವ ತರಹದ ನಗೆ ಎಂದು ಅಪ್ಪ ಹೇಳಲಿಲ್ಲ.

ಕಾರು ತಂದ ದಿನ ಅದನ್ನು ಶೆಡ್ಡಿನ ಹಿಂದೆ ಮರೆಯಲ್ಲಿ ನಿಲ್ಲಿಸಲು ತಿರುಗಿಸುತ್ತಿದ್ದೆ. ಅಪ್ಪ ಕೈ ಅಡ್ಡ ಹಿಡಿದರು. “ಮುಚ್ಚಿಡೂದು ಯಾಕ? ಮನೀ ಮುಂದ ನಿಲ್ಲಸು. ನೋಡ್ಲಿ. ಕೂಲಿ ಅಂತೂ ನಾವು ಕೇಳವ್ರ.”