ತಾಯಿಯ ಕೊಡುಗೆ

ಮಗುವಿಗೆ ವಂಶದ ರೋಗವೆಂದು ತಿಳಿದೊಡನೆ ಸೊಸೆಯ ತವರನ್ನು ಹಳಿಯುವ ವಾಡಿಕೆಯು ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಕುಸುಮರೋಗದ ವಿಷಯದಲ್ಲಿಯಂತೂ ಹಳಿಯುವವರ ಕೈಗೆ ಶಾಸ್ತ್ರದ ಆಧಾರವೇ ದೊರೆತಂತಾಗಿದೆ. ಗಾಯದ ರಕ್ತವು ಬೇಗನೆ ಹೆಪ್ಪುಗಟ್ಟದಿರುವ ಈ ರೋಗವು ಗಂಡುಮಕ್ಕಳನ್ನೇ ಹೆಚ್ಚಾಗಿ ಕಾಡುವುದು. ಆದರೆ ಇಳಿದುಬರುವುದು ತಾಯಿಯ ಕಡೆಯಿಂದ.

ಕಾರಣವು ಸರಳವಾದುದು. ಹೆಣ್ಣಿಗೆ ಎಕ್ಸ್ ಎಂಬ ವರ್ಣತಂತುಗಳು ಎರಡು. ಗಂಡಿಗೆ ಒಂದೇ, ಅದೂ ತಾಯಿಯು ಕೊಟ್ಟುದು. ತಾಯಿಯಲ್ಲಿ ಒಂದು ಕೆಟ್ಟಿದ್ದರೂ ಮತ್ತೊಂದು ಸಾಮಾನ್ಯವಾಗಿ ಕೆಲಸವನ್ನು ತೂಗಿಸಿಕೊಂಡು ಹೋಗುವುದು. ಕೆಟ್ಟುದೇ ಮಗನ ಪಾಲಿಗೆ ಬಂದರೆ ಅವನಿಗೆ ಬೇರೆ ಆಸರೆಯಿಲ್ಲ.

ಆ ತಂತುವಿನಲ್ಲಿ ದೋಷದ ನೆಲೆಯನ್ನು ಹುಡುಕಿದ ಬಗೆಯು ನನಗೆ ಬಹಳ ಸೊಗಸಾಗಿ ಕಂಡಿತು. 1937ರಲ್ಲಿ ಇಂಗ್ಲೆಂಡಿನ ಜೂಲಿಯಾ ಬೆಲ್ ಎಂಬ ವಿದುಷಿಯೂ ಜೆ. ಬಿ. ಎಸ್. ಹಾಲ್ಡೇನರೂ ಕುಸುಮರೋಗ, ವರ್ಣಾಂಧತೆ ಎರಡೂ ಇದ್ದ ಮನೆತನಗಳ ವಂಶವೃಕ್ಷಗಳನ್ನು ಮುಂದಿಟ್ಟುಕೊಂಡು ಕುಳಿತರು. ತಾಯಿಯಲ್ಲಿ ಅಂಡವು ರೂಪುಗೊಳ್ಳುವಾಗ ಎರಡು ಎಕ್ಸ್ ತಂತುಗಳು ತಮ್ಮ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುವು. ಹೂವಿನ ಮಾಲೆಯು ಎಲ್ಲಿ ಹರಿದರೂ ಒತ್ತಾಗಿ ಕಟ್ಟಿದ ಎರಡು ಮಲ್ಲಿಗೆಗಳು ಪ್ರಾಯಶಃ ಒಂದೇ ತುಂಡಿನಲ್ಲಿ ಉಳಿಯುವುವಲ್ಲವೆ? ಹಾಗೆಯೇ ಈ ಎರಡು ದೋಷಗಳು ಮಕ್ಕಳಲ್ಲಿ ಅಗಲಿದುದು ಅಪರೂಪ. ಆದುದರಿಂದ ಅವು ನೆರೆಹೊರೆಯವೆಂದು ಅವರು ತೀರ್ಮಾನಿಸಿದರು. ಮನುಷ್ಯನಲ್ಲಿ ಇಂತಹ ನೆರೆತನವನ್ನು ಕಂಡುಹಿಡಿದುದು ಅದೇ ಮೊದಲು. ಪ್ರಾಣಕ್ಕೇನೂ ತೊಂದರೆಮಾಡದ ಬಣ್ಣಗುರುಡು ಪ್ರಾಣಾಂತಿಕ ರೋಗಕ್ಕೆ ಗಡಿಕಲ್ಲಾಯಿತು! (ಹಾಲ್ಡೇನರು 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.)

1984ರಲ್ಲಿ ಆ ವಂಶವಾಹಿಯೇ ವಿಜ್ಞಾನಿಗಳ ಕೈಗೆ ಸಿಕ್ಕಿತು. ಅದು ಎಕ್ಸ್ ತಂತುವಿನ ತುದಿಯ ಬಳಿ, ಬಣ್ಣಗಳನ್ನು ಅರಿಯಿಸುವ ವಂಶವಾಹಿಗಳ ಸಮೀಪದಲ್ಲಿಯೇ ಇದೆ. ರೋಗದ ಇನ್ನೊಂದು ಬಗೆಗೆ ಅದೇ ತಂತುವಿನಲ್ಲಿ ಬೇರೊಂದು ನೆಲೆ. ವಿಕ್ಟೋರಿಯಾ ರಾಣಿಯ ಸಂತತಿಯನ್ನು ಕಾಡಿದುದು ಈ ಎರಡನೆಯದೆಂದು 2009ರಲ್ಲಿ ರಷ್ಯದ ರಾಜಕುಟುಂಬದ ಎಲುಬುಗಳಿಂದ ಗೊತ್ತಾಯಿತು.

ಇನ್ನೊಂದು ಮಾತನ್ನು ಅತ್ತೆಯಂದಿರು ಗಮನಿಸಬೇಕು. ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿದ್ದುದಿಲ್ಲ. ದೋಷವು ಹೊಸದಾಗಿ ತಲೆದೋರಿರುವುದು. ಹಳಿಯಲು ಅಲ್ಲಿ ಯಾವ ತವರಿದೆ?

ನನ್ನ ಸೋದರಿಯ ಮಗನಿಗೆ ಈ ರೋಗವಿದೆ. ಅವನ ದೋಷವು ಇಂತಹುದೆಂದು ಗೊತ್ತಾಗಿರುವುದರಿಂದ ತಂಗಿಯಲ್ಲಿಯೂ ಅದು ಉಂಟೆ ಇಲ್ಲವೆ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಪರೀಕ್ಷೆಯ ಸುದ್ದಿ ಹೊರಬಿದ್ದರೆ ಸಂಬಂಧ ಕೂಡದೆಂದು ಹಿರಿಯರ ಅಂಜಿಕೆ. “ನನ್ನ ಮಕ್ಕಳ ವಿಷಯ, ಮಾವ, ನನಗೆ ತಿಳಿದಿರಲಿ” ಎಂದಳು ಹುಡುಗಿ. ಮುಂದಿನ ಸೋಮವಾರ ಅವಳೊಡನೆ ನಾನೇ ಹೋಗುವುದೆಂದು ನಿಶ್ಚಯವಾಗಿದೆ.