ಹಿತ್ತಿಲ ಕೋಳಿ ಮತ್ತು ನಗರದ ನಿಯಮ

ಕರ್ನಾಟಕದ ಹಳ್ಳಿಗಳಲ್ಲಿ ನಾಲ್ಕು ನಾಟಿಕೋಳಿ ಸಾಕುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವ ರೂಢಿಯಿಲ್ಲ; ಅವೇ ಕೋಳಿಗಳು ನಗರದ ಮೂವತ್ತು-ನಲವತ್ತರ ನಿವೇಶನಕ್ಕೆ ಬಂದೊಡನೆ ಕಾನೂನಿನ ವಿಷಯವಾಗಿಬಿಡುತ್ತವೆ. ಈ ಅಂತರದ ಗುರುತು ಸಂವಿಧಾನದಲ್ಲಿಯೂ ಇದೆ. 1992ರ ತಿದ್ದುಪಡಿಗಳಿಂದ ಸೇರಿದ ಎರಡು ಅನುಸೂಚಿಗಳಲ್ಲಿ, ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ ಹನ್ನೊಂದನೆಯದು ಪಶುಪಾಲನೆ, ಹೈನುಗಾರಿಕೆಗಳ ಜೊತೆಗೆ ಕೋಳಿ ಸಾಕಾಣಿಕೆಯನ್ನೂ ಹೆಸರಿಸುತ್ತದೆ. ನಗರಾಡಳಿತದ ವಿಷಯಗಳನ್ನು ಹೇಳುವ ಹನ್ನೆರಡನೆಯದರಲ್ಲಿ ದನದ ದೊಡ್ಡಿ, ಪ್ರಾಣಿಹಿಂಸೆಯ ತಡೆ, ಕಸಾಯಿಖಾನೆಯ ನಿಯಂತ್ರಣ ಇವೆಯೇ ಹೊರತು ಕೋಳಿ ಸಾಕಾಣಿಕೆಯ ಮಾತಿಲ್ಲ. ನಗರದ ಮನೆಗಳಲ್ಲಿ ಕೋಳಿ ಬದುಕಬಹುದೆಂಬ ಯೋಚನೆಯೇ ಆ ಪಟ್ಟಿಯಲ್ಲಿ ಸುಳಿಯದಿರುವುದು ವಿಷಾದದ ಸಂಗತಿ.

ಆದ್ದರಿಂದ ಗೂಡು ಕಟ್ಟುವ ಮೊದಲು ತಿಳಿಯಬೇಕಾದದ್ದು, ಮನೆ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು. ಊರಂಚಿನ ಬಡಾವಣೆಗಳಲ್ಲಿ ರಸ್ತೆಯ ಒಂದು ಬದಿ 1993ರ ಪಂಚಾಯತ್ ರಾಜ್ ಅಧಿನಿಯಮಕ್ಕೂ ಇನ್ನೊಂದು ಬದಿ 1976ರ ಮಹಾನಗರಪಾಲಿಕೆಗಳ ಅಧಿನಿಯಮಕ್ಕೂ ಒಳಪಟ್ಟಿರುವುದುಂಟು. ಪುರಸಭೆ, ನಗರಸಭೆಗಳಿಗೆ 1964ರ ಅಧಿನಿಯಮವಿದೆ. ಇಂಥ ಅಧಿನಿಯಮಗಳ ಅಡಿಯಲ್ಲಿ ಸ್ಥಳೀಯವಾಗಿ ರಚಿತವಾಗುವ ನಿಯಮಗಳನ್ನು ಉಪವಿಧಿ ಅಥವಾ ಬೈಲಾ ಎನ್ನುತ್ತಾರೆ. ಅಪಾರ್ಟ್‌ಮೆಂಟ್ ಆದರೆ ಸಂಘದ ಬೈಲಾವನ್ನೂ, ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ನೋಡಲೇಬೇಕು.

‘ಸಾಕಿಕೊಳ್ಳಿ, ಯಾರು ಕೇಳ್ತಾರೆ?’ ಎಂದು ಕಚೇರಿಯಲ್ಲಿ ಸಿಗುವ ಬಾಯಿಮಾತಿನ ಭರವಸೆ, ನೆರೆಯವರು ದೂರು ಕೊಟ್ಟ ದಿನ ನೆರವಿಗೆ ಬರುವುದಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಆದರೆ ‘ಕೋಳಿ ಸಾಕಬಹುದೇ?’ ಎಂದಷ್ಟೇ ಬರೆದರೆ ಅದು ಅಧಿಕಾರಿಯ ಅಭಿಪ್ರಾಯ ಕೇಳಿದಂತಾಗಿ ಅರ್ಜಿ ವ್ಯರ್ಥವಾಗಬಹುದು, ಏಕೆಂದರೆ ಈ ಅಧಿನಿಯಮ ಕೊಡಿಸುವುದು ಕಡತದಲ್ಲಿರುವ ಮಾಹಿತಿಯನ್ನು. ‘ಮನೆಯ ಆವರಣದಲ್ಲಿ ಕೋಳಿ ಸಾಕುವುದಕ್ಕೆ ಸಂಬಂಧಿಸಿದ ಉಪವಿಧಿ ಹಾಗೂ ಸುತ್ತೋಲೆಗಳ ದೃಢೀಕೃತ ಪ್ರತಿ ಒದಗಿಸಿ’ ಎಂದು ಕೇಳುವುದೇ ಸರಿಯಾದ ಕ್ರಮ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕೆಂಬ ಕರ್ನಾಟಕದ ನಿಯಮ ಇಷ್ಟು ಚಿಕ್ಕ ಕೋರಿಕೆಗೆ ತೊಡಕಾಗದು. ಅಂಥ ಉಪವಿಧಿಯೇ ಇಲ್ಲವೆಂಬ ಹಿಂಬರಹ ಬಂದರೂ ಅದು ಜೋಪಾನವಾಗಿ ಇಟ್ಟುಕೊಳ್ಳಬೇಕಾದ ಕಾಗದವೇ.

ನಿಷೇಧವಿಲ್ಲವೆಂದ ಮಾತ್ರಕ್ಕೆ ನೆರೆಹೊರೆಗೆ ಉಪದ್ರವ ಕೊಡುವ ಹಕ್ಕು ಹುಟ್ಟುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗಿನ ಅವಧಿ, ವಸತಿ ಪ್ರದೇಶಕ್ಕೆ ಆಗಿನ ಮಿತಿ 45 ಡೆಸಿಬಲ್. ಹುಂಜವಾದರೋ ನಸುಕಿಗೆ ಮೊದಲೇ ಕೂಗತೊಡಗುತ್ತದೆ. ಮರಿ ಮಾಡಿಸುವ ಉದ್ದೇಶವಿಲ್ಲದವರಿಗೆ ಹುಂಜದ ಅಗತ್ಯವೇ ಇಲ್ಲ, ಹೇಂಟೆಗಳು ಅದಿಲ್ಲದೆಯೂ ಮೊಟ್ಟೆಯಿಡುತ್ತವೆ. ಹಿಕ್ಕೆ ಒದ್ದೆಯಾಗಿ ಉಳಿದರೆ ಅಮೋನಿಯಾದ ಘಾಟು ಏಳುವುದರಿಂದ, ಗೂಡಿನ ನೆಲಕ್ಕೆ ಭತ್ತದ ಹೊಟ್ಟು ಹರಡಿ, ಆಗಾಗ ಕೆದರಿ, ಒದ್ದೆಯಾದದ್ದನ್ನು ತೆಗೆದು ಹೊಸದನ್ನು ಹಾಕಬೇಕು.

ಹತ್ತಿರದ ಪಶು ಆಸ್ಪತ್ರೆಗೆ ಕೋಳಿಗಳ ವಿಷಯ ತಿಳಿಸಿರುವುದೂ ಅಷ್ಟೇ ಮುಖ್ಯ. ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆಗೆ ಅಲ್ಲಿಯೇ ವಿಚಾರಿಸಬಹುದು. ಹಕ್ಕಿಜ್ವರ ದೃಢಪಟ್ಟರೆ ಆ ಸ್ಥಳದ ಸುತ್ತ ಒಂದು ಕಿಲೋಮೀಟರಿನೊಳಗಿನ ಸಾಕುಕೋಳಿಗಳನ್ನು, ಅವು ಹಿತ್ತಿಲಿನವಾದರೂ, ಕೊಂದು ವಿಲೇವಾರಿ ಮಾಡಿ, ಸಾಕಿದವರಿಗೆ ಪರಿಹಾರ ಕೊಡುವ ಕ್ರಮವಿರುವುದರಿಂದ, ಎಲ್ಲಿ ಎಷ್ಟು ಕೋಳಿಗಳಿವೆಯೆಂಬುದು ಅಲ್ಲಿನ ವೈದ್ಯರಿಗೆ ಮೊದಲೇ ಗೊತ್ತಿರಬೇಕು.